ಮದಲೇನಮ್ಮನವರು ಮತ್ತು ಅಗುಳಿ ಹಾಕಿದ ಬಾಗಿಲು

ಬಿಳಿಗಲ್ಲುದೊಡ್ಡಿಯ ಯೇಸುಸ್ವಾಮಿಯ ಗುಡಿಯ ಪಡುವಣ ಗೋಡೆಗೆ ಒರಗಿಕೊಂಡಂತೆ ಒಂದು ಹುಲ್ಲಿನ ಮಾಡು ಇತ್ತು. ಒಳಗೆ ಹೋಗಬೇಕಾದರೆ ಎಂಥ ದೊಡ್ಡ ಮನುಷ್ಯರೂ ತಲೆ ಬಗ್ಗಿಸಲೇಬೇಕು. ಪೂಜ್ಯ ಮದಲೇನಮ್ಮನವರು ತಮ್ಮ ಬಾಳನ್ನೆಲ್ಲ ಸವೆಸಿದ್ದು ಆ ಮಾಡಿನಲ್ಲಿ. ಅವರ ಆಸ್ತಿ ಎಂದರೆ ಒಂದು ಒಲೆ, ಒಂದು ಬೀಸುಕಲ್ಲು, ಉದ್ದನೆಯ ಹಿಡಿಯಿದ್ದ ಒಂದು ಕಬ್ಬಿಣದ ಇಕ್ಕಳ. ಗೋಧಿಯನ್ನು ತಾವೇ ಬೀಸಿ, ನೀರಿನಲ್ಲಿ ತೆಳ್ಳಗೆ ಕಲಸಿ, ಇಕ್ಕಳದ ಎರಡು ಬಿಲ್ಲೆಗಳ ನಡುವೆ ಹೊಯ್ದು, ಕೆಂಡದ ಮೇಲೆ ಹಿಡಿದು ಓಸ್ತಿ ಸುಡುತ್ತಿದ್ದರು. ಬಲಿಪೂಜೆಯಲ್ಲಿ ಪ್ರಭುವಿನ ಶರೀರವಾಗುವ ಆ ಹುಳಿಯಿಲ್ಲದ ರೊಟ್ಟಿ ಸುತ್ತಲಿನ ಗುಡಿಗಳಿಗೆಲ್ಲ ಹೋಗುತ್ತಿದ್ದುದು ಈ ಮಾಡಿನಿಂದಲೇ. ಸುಡುವಾಗ ಅವರು ಜಪ ಮಾಡುತ್ತಿದ್ದರಂತೆ. ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಕೇಳಿದವರಿಲ್ಲ.

ಅಮ್ಮನವರು ಮಾತಾಡುವುದು ಬಹಳ ಅಪರೂಪ. ಹಾಗಾಗಿ ಆಡಿದ ಒಂದೊಂದು ಮಾತನ್ನೂ ಊರವರು ನೆನಪಿಟ್ಟುಕೊಂಡಿದ್ದರು. ನಮ್ಮ ಊರಿನ ಜನಕ್ಕೆ ಮಾತು ಎಷ್ಟು ಪ್ರಿಯ ಎಂದು ಬಲ್ಲವರಿಗೆ ಇದು ಸಣ್ಣ ಪವಾಡವಲ್ಲ ಎಂದು ಗೊತ್ತಾದೀತು. ಅವರು ಎಲ್ಲಿಂದ ಬಂದವರು, ಯಾರ ಮಗಳು ಎಂಬುದೂ ಯಾರಿಗೂ ತಿಳಿದಿರಲಿಲ್ಲ. ಬರಗಾಲವೊಂದರಲ್ಲಿ ತಬ್ಬಲಿಯಾಗಿ ದಾರಿಯಲ್ಲಿ ಬಿದ್ದಿದ್ದ ಹೆಣ್ಣುಮಗುವನ್ನು ಹಿಂದಿನ ಕಾಲದ ಗುರುಗಳೊಬ್ಬರು ತಮ್ಮ ಗಾಡಿಯಲ್ಲಿ ಎತ್ತಿಕೊಂಡು ಬಂದಿದ್ದರಂತೆ. ಮಗುವಿನ ಕುಲ ಯಾವುದೆಂದು ಕೇಳಿದವರಿಗೆ ಆ ಗುರುಗಳು, "ಹಸಿದ ಕುಲ" ಎಂದು ಉತ್ತರ ಕೊಟ್ಟರಂತೆ.

ಬಿಳಿಗಲ್ಲುದೊಡ್ಡಿಯಲ್ಲಿ ಅದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಊರಿಗೆ ಊರೇ ಯೇಸುಸ್ವಾಮಿಯನ್ನು ನಂಬಿದ ಊರು, ನಿಜ. ಆದರೆ ಅದರೊಳಗೆ ಎರಡು ಕೇರಿ. ಮೊದಲು ಜ್ಞಾನಸ್ನಾನ ಪಡೆದು ಹೊಲ-ಗದ್ದೆ ಮಾಡಿಕೊಂಡಿದ್ದವರದು ಮುಂದಲ ಕೇರಿ. ಆಮೇಲೆ ಬಂದು ಬಂಡೆಗಳಲ್ಲಿ ಕಲ್ಲು ಒಡೆಯುತ್ತಿದ್ದವರದು ಕಲ್ಲುಕೇರಿ. ಗುಡಿಯೊಳಗೂ ಅಷ್ಟೆ. ನಡುವೆ ಸೊಂಟದೆತ್ತರದ ಮರದ ಕಟಕಟೆ. ಪೀಠದ ಕಡೆಗೆ ಮುಂದಲ ಕೇರಿಯವರು, ಕಟಕಟೆಯಿಂದೀಚೆಗೆ ಕಲ್ಲುಕೇರಿಯವರು. ಪೀಠದ ಪಕ್ಕದಲ್ಲಿ ಪಡುವಣಕ್ಕೆ ತೆರೆದುಕೊಳ್ಳುವ ಸಣ್ಣ ಬಾಗಿಲಿನಿಂದ ಅವರು ಬರಬೇಕು, ಮೂಡಣ ದಿಕ್ಕಿನ ದೊಡ್ಡ ಬಾಗಿಲಿನಿಂದ ಇವರು. ನಾನು ಹುಟ್ಟಿದ್ದು ಮುಂದಲ ಕೇರಿಯಲ್ಲೇ, ಆದ್ದರಿಂದ ಹೇಳುತ್ತೇನೆ: ನಮ್ಮ ಹಿರಿಯರು ಕೇರಿಯನ್ನು ಬಿಟ್ಟು ಗುಡಿಗೆ ಬರಲಿಲ್ಲ, ಕೇರಿಯನ್ನು ಗುಡಿಯೊಳಕ್ಕೇ ತಂದರು. ಯಾವ ಕೇರಿಗೂ ಸೇರದ ಮದಲೇನಮ್ಮನವರು ಸಣ್ಣ ಬಾಗಿಲಿನ ಹೊಸ್ತಿಲ ಬಳಿ ನೆಲದ ಮೇಲೆ ಕೂರುತ್ತಿದ್ದರು.

ಈಗ ಹೇಳಹೊರಟಿರುವ ಸಂಗತಿ ನಡೆದದ್ದು ಪಂಚಾಶತ್ತಮ ಹಬ್ಬದಂದು. ಪ್ರಭು ಪುನರುತ್ಥಾನರಾಗಿ ಸ್ವರ್ಗಕ್ಕೇರಿದ ಮೇಲೆ ಅವರ ಶಿಷ್ಯರಾದ ಪ್ರೇಷಿತರೆಲ್ಲ ಮಾತೆ ಮರಿಯಮ್ಮನವರೊಡನೆ ಮಹಡಿಯ ಕೋಣೆಯೊಂದರಲ್ಲಿ ಸೇರಿದ್ದರು. ಗುರುವನ್ನು ಕೊಂದವರು ನಮ್ಮನ್ನೂ ಬಿಟ್ಟಾರೆಯೇ ಎಂಬ ಅಂಜಿಕೆ ಅವರಿಗೆ ಇನ್ನೂ ಹೊಸದು. ಆಗ ಬಿರುಗಾಳಿ ಬೀಸಿದಂಥ ಸದ್ದು ಆಕಾಶದಿಂದ ಬಂದು ಮನೆಯನ್ನೆಲ್ಲ ತುಂಬಿತು. ಬೆಂಕಿಯ ನಾಲಗೆಗಳು ಕಾಣಿಸಿಕೊಂಡು ಒಬ್ಬೊಬ್ಬರ ಮೇಲೂ ನೆಲೆಸಿದವು. ಪವಿತ್ರಾತ್ಮರು ಬಂದಿದ್ದರು. ಅಂಜಿ ಕುಳಿತಿದ್ದವರು ಎದ್ದು ಬೀದಿಗಿಳಿದರು. ದೇಶದೇಶಗಳ ಜನ ತಮ್ಮ ತಮ್ಮ ನುಡಿಯಲ್ಲೇ ದೇವರ ಮಹಿಮೆಯನ್ನು ಕೇಳಿದರು. ಅದೇ ದಿನ ಮೂರು ಸಾವಿರ ಜನ ಜ್ಞಾನಸ್ನಾನ ಪಡೆದರು. ಧರ್ಮಸಭೆ ಹುಟ್ಟಿದ ದಿನ ಅದು.

ಬಿಳಿಗಲ್ಲುದೊಡ್ಡಿಯಲ್ಲಿ ಈ ಹಬ್ಬಕ್ಕೆ ಬೇರೆಲ್ಲೂ ಕಾಣದ ಒಂದು ಪದ್ಧತಿಯಿತ್ತು. ಆ ದಿನಗಳಲ್ಲಿ ಊರ ಸುತ್ತ ಕತ್ತಿಕಾಯಿ ಮರಗಳು ಮೈತುಂಬ ಕೆಂಪು ಹೂ ಬಿಟ್ಟಿರುತ್ತವೆ. ಹಬ್ಬದ ಬೆಳಿಗ್ಗೆ ಆ ಹೂವಿನ ಎಸಳುಗಳನ್ನು ಬಿಡಿಸಿ ಬುಟ್ಟಿ ತುಂಬುತ್ತಿದ್ದರು. ಗುಡಿಯ ಮರದ ಅಟ್ಟದಲ್ಲಿ, ಪೀಠದ ಎದುರಿಗೆ ಸರಿಯಾಗಿ, ಮೊರದಗಲ ಒಂದು ಕಿಂಡಿ ಕೊರೆದಿದ್ದರು. ಪವಿತ್ರಾತ್ಮರ ಆವಾಹನೆಯ ಹಾಡು ಶುರುವಾದೊಡನೆ ಮೇಲಿಂದ ಆ ಎಸಳುಗಳನ್ನು ಬೊಗಸೆ ಬೊಗಸೆಯಾಗಿ ಸುರಿಯುವರು. ಬೆಂಕಿಯ ನಾಲಗೆಗಳು ಇಳಿಯುತ್ತಿರುವಂತೆಯೇ ಕಾಣುವುದು. ಯಾರ ಮೇಲೆ ಎಸಳು ಬೀಳುವುದೋ ಅವರ ಮನೆಗೆ ಆ ವರ್ಷ ದೇವರ ಕೃಪೆ ಎಂದು ಊರಿನ ನಂಬಿಕೆ. ಮದುವೆ ಕೂಡದವರು, ಮಕ್ಕಳಾಗದವರು, ಕಾಯಿಲೆ ಬಿದ್ದವರು ಕಿಂಡಿಯ ಕೆಳಗೆ ಒತ್ತರಿಸಿಕೊಂಡು ಕೂರುತ್ತಿದ್ದರು. ಕಿಂಡಿ ಇದ್ದುದು ಕಟಕಟೆಯಿಂದಾಚೆ, ಮುಂದಲ ಕೇರಿಯವರ ತಲೆಯ ಮೇಲೆ, ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಹಾಡು ಶುರುವಾಗುವ ಮೊದಲು ಗುಡಿಯ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಅಗುಳಿ ಹಾಕುತ್ತಿದ್ದರು. ಏಕೆಂದು ಕೇಳಿದರೆ, "ಪ್ರೇಷಿತರೂ ಬಾಗಿಲು ಹಾಕಿಕೊಂಡೇ ಇದ್ದರಲ್ಲ" ಎಂದು ಹಿರಿಯರು ಭಕ್ತಿಯಿಂದ ಹೇಳುವರು. ಕೇಳಿದವರು ತಲೆದೂಗುವರು. ಅಷ್ಟು ಜನರ ಉಸಿರಿಗೂ ಮೇಣದಬತ್ತಿಯ ಹೊಗೆಗೂ ಮೈಯೆಲ್ಲ ಬೆವರಿ ತೊಯ್ದರೂ, ಭಕ್ತಿ ಎಂದ ಮೇಲೆ ಅಷ್ಟು ಸಹಿಸಬೇಡವೇ ಎಂದುಕೊಳ್ಳುವರು.

ಎಸಳು ಸುರಿಯುವ ಹಕ್ಕು ಮುಂದಲ ಕೇರಿಯ ಯಜಮಾನರಾದ ಇನ್ನಾಸಪ್ಪನವರ ಮನೆತನದ್ದು. ಇನ್ನಾಸಪ್ಪನವರು ಕೆಟ್ಟವರಲ್ಲ. ಉಪವಾಸ ತಪ್ಪಿಸುತ್ತಿರಲಿಲ್ಲ, ಗುಡಿಯ ದೀಪಕ್ಕೆ ಎಣ್ಣೆ ತಪ್ಪಿಸುತ್ತಿರಲಿಲ್ಲ. ಆದರೆ ಅವರ ಕಣ್ಣಿಗೆ ಕಟಕಟೆಯೂ ಪೀಠದಷ್ಟೇ ಪವಿತ್ರ. ಹಿಂದಿನ ವರ್ಷದ ಹಬ್ಬಕ್ಕೆ ಕಲ್ಲುಕೇರಿಯ ಚೌರಪ್ಪ ಎಂಬವರು, ಜ್ವರದಿಂದ ಕುದಿಯುತ್ತಿದ್ದ ತಮ್ಮ ಒಬ್ಬನೇ ಮಗ ಯಾಕೋಬನನ್ನು ಎತ್ತಿಕೊಂಡು, ಯಾರೂ ಬರುವ ಮುಂಚೆಯೇ ಹೋಗಿ ಆ ಕಿಂಡಿಯ ಕೆಳಗೆ ಕುಳಿತುಬಿಟ್ಟಿದ್ದರು. ಇನ್ನಾಸಪ್ಪನವರು ಅದನ್ನು ಕಂಡು ಅವರ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿಕೊಂಡು ಹೋಗಿ ಕಟಕಟೆ ದಾಟಿಸಿದರು. ಹಬ್ಬ ಕಳೆದು ಕೆಲವೇ ದಿನಗಳಲ್ಲಿ ಮಗು ತೀರಿಹೋಯಿತು. ಹೂವಿನ ಎಸಳು ಬಿದ್ದಿದ್ದರೆ ಬದುಕುತ್ತಿತ್ತೇ ಎಂದು ಓದುವವರು ಕೇಳಬಹುದು. ಆ ತಂದೆಯನ್ನು ಆ ಪ್ರಶ್ನೆ ಕೇಳುವ ಧೈರ್ಯ ನನಗಂತೂ ಇಲ್ಲ.

ಚೌರಪ್ಪ ಅಂದಿನಿಂದ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಮರುವರ್ಷ ಅವರ ಹೆಂಡತಿ ಸಹಾಯಮ್ಮ ಹೆಣ್ಣುಮಗುವನ್ನು ಹೆತ್ತರು. ಮಗು ಬಡಕಲು. ಹಾಲು ಕುಡಿಯಲೂ ಆಯಾಸ ಅದಕ್ಕೆ. ಹುಟ್ಟಿದ ವಾರದೊಳಗೆ ತಲೆಯ ಮೇಲೆ ನೀರು ಹೊಯ್ದು ಜ್ಞಾನಸ್ನಾನ ಮಾಡಿಸುವುದು ನಮ್ಮವರ ರೂಢಿ. ಈ ಮಗುವಿಗೆ ತಿಂಗಳು ಕಳೆದರೂ ಆಗಿರಲಿಲ್ಲ, ಚೌರಪ್ಪ ಬಿಡಲಿಲ್ಲ. ಮಗುವಿಗೆ ಏನಾದರೂ ಆಗಿಬಿಟ್ಟರೆ ಎಂದು ಸಹಾಯಮ್ಮ ಅತ್ತು ಕರೆದರು. ಊರಿನ ಗುರುಗಳಾದ ಬೆನೆದಿಕ್ತ ಸ್ವಾಮಿಗಳು ಮನೆಗೇ ಬಂದು ಬುದ್ಧಿ ಹೇಳಿದರು. ಅವರು ಸಾಧು ಮನುಷ್ಯರು. ಕಟಕಟೆಯನ್ನು ಕಂಡರೆ ಅವರಿಗೂ ಸಂಕಟವೇ, ಆದರೆ ಇನ್ನಾಸಪ್ಪನವರನ್ನು ಕಂಡರೆ ಅದಕ್ಕಿಂತ ಹೆಚ್ಚು ಅಂಜಿಕೆ. ಚೌರಪ್ಪ ಸ್ವಾಮಿಗಳಿಗೆ ಬೆನ್ನು ತಿರುಗಿಸಿ ಉಳಿ ಮಸೆಯುತ್ತ ಕುಳಿತರು. ಕಲ್ಲುಕೇರಿಯ ಇತರರೂ ಚೌರಪ್ಪನ ಮುಖವನ್ನೇ ನೋಡುತ್ತಿದ್ದರು. ಅವರು ಗುಡಿಯನ್ನು ಪೂರ್ತಿ ಬಿಟ್ಟೇಬಿಟ್ಟರೆ ತಾವೂ ಬಿಡುವುದೆಂದು ಒಳಗೊಳಗೇ ಮಾತಾಗಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಚೌರಪ್ಪ ಮದಲೇನಮ್ಮನವರ ಮಾಡಿಗೆ ಬಂದರು. ಬರಬೇಕೆಂದು ಬಂದವರಲ್ಲ, ಹೆಂಡತಿಯ ಕಣ್ಣೀರು ದಬ್ಬಿದ್ದರಿಂದ ಬಂದವರು. ತಲೆ ಬಗ್ಗಿಸಿ ಒಳಗೆ ನುಸುಳಿ ನೆಲದ ಮೇಲೆ ಕೂತರು. ಅಮ್ಮನವರು ಹಬ್ಬಕ್ಕೆ ಓಸ್ತಿ ಸುಡುತ್ತಿದ್ದರು. ಇಕ್ಕಳವನ್ನು ಕೆಂಡದಿಂದ ತೆಗೆದು, ಬಿಡಿಸಿ, ಮತ್ತೆ ಹಿಟ್ಟು ಹೊಯ್ದರು.

"ಅಮ್ಮಾ, ಒಂದ್ ಮಾತು ಕೇಳ್ಬೇಕು. ಸಿಟ್ಟು ಮಾಡ್ಕಬೇಡಿ," ಎಂದರು ಚೌರಪ್ಪ. "ಪವಿತ್ರಾತ್ಮರು ಅಂತೀರಲ್ಲ, ಅವ್ರು ಕಟಕಟೆಯಿಂದ ಆಚೆಗೆ ಮಾತ್ರಾನಾ ಇಳಿಯಾದು? ಈಚೆಗೆ ಬರಕ್ಕೆ ಅವ್ರಿಗೂ ಇನ್ನಾಸಪ್ಪೋರ ಅಪ್ಪಣೆ ಬೇಕಾ?"

ಅಮ್ಮನವರು ಇಕ್ಕಳವನ್ನು ತಿರುಗಿಸಿ ಹಿಡಿದರು.

"ನನ್ ಮಗ ಸತ್ತ. ಈಗ ಇದೊಂದು ಕೂಸು. ಇದ್ರ ತಲೆ ಮ್ಯಾಲೆ ನೀರು ಹಾಕ್ಸಿ ಅಂತ ನನ್ ಹೆಂಡ್ತಿ ಹಗಲೂ ರಾತ್ರಿ ಅಳ್ತಾಳೆ. ಹಾಕ್ಸಿ ಎಲ್ಲಿ ಕೂರಿಸ್ಲಿ ಅಮ್ಮಾ? ಅದೇ ಕಟಕಟೆ ಹಿಂದಾನೆ?" ಅವರು ಕೆಂಡವನ್ನೇ ನೋಡುತ್ತ ಮುಂದುವರಿಸಿದರು. "ನಾಳೆ ಕೂಸಿನ ಎತ್ಕೊಂಡು ಬತ್ತೀನಿ. ನಮ್ ಜಾಗದಾಗೇ ನಿಂತ್ಕತೀನಿ. ಹಾಡು ಮುಗಿಯೋದ್ರೊಳಗೆ ಒಂದು ಎಸಳು, ಒಂದೇ ಒಂದು, ನನ್ ಕೂಸಿನ ಮ್ಯಾಲೆ ಬಿದ್ರೆ ನೀರು ಹಾಕ್ಸ್ತೀನಿ. ಬೀಳ್ನಿಲ್ಲ ಅಂದ್ರೆ ಆ ಬಾಗ್ಲಿಂದ ಹೊರಗೆ ನಡೀತೀನಿ. ನಾನೂ ಬರಲ್ಲ, ಕಲ್ಲುಕೇರಿಯ ಒಬ್ಬ ನರಪಿಳ್ಳೇನೂ ಬರಲ್ಲ."

ದೇವರಿಗೆ ಹೀಗೆ ಪಂಥ ಒಡ್ಡುವುದು ತಪ್ಪೆಂದು ಬೇರೆ ಯಾರಾದರೂ ಬೈದುಬಿಡುತ್ತಿದ್ದರು. ಅಮ್ಮನವರು ಬೈಯಲಿಲ್ಲ. ಇಕ್ಕಳವನ್ನು ಒಲೆಯ ಪಕ್ಕ ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು, ಆ ತಂದೆಯ ಮುಖವನ್ನು ನೋಡಿದರು.

"ಎತ್ಕೊಂಡ್ ಬಾಪ್ಪ," ಎಂದರು. ಅಷ್ಟೇ.

ಹಬ್ಬದ ಬೆಳಿಗ್ಗೆ ಗಾಳಿ ಎದ್ದಿತ್ತು. ಮುಂಗಾರು ಇನ್ನೂ ಬಂದಿರಲಿಲ್ಲ, ಅದರ ಮುಂಚಿನ ಪಡುವಣ ಗಾಳಿ ಮಾತ್ರ ಬಂಡೆಗಳ ಮೇಲಿಂದ ನುಗ್ಗಿ ಬರುತ್ತಿತ್ತು. ಬೆನೆದಿಕ್ತ ಸ್ವಾಮಿಗಳು ಕೆಂಪು ಉಡುಪು ಧರಿಸಿ ಪೂಜೆ ಆರಂಭಿಸಿದರು. ಗುಡಿ ಕಿಕ್ಕಿರಿದಿತ್ತು. ಕಿಂಡಿಯ ನೇರಕ್ಕೆ ಕುಳಿತವರಲ್ಲಿ ಮೊದಲಿಗರು ಇನ್ನಾಸಪ್ಪನವರ ಸೊಸೆ ಸೆರಫಿನಮ್ಮ. ಮದುವೆಯಾಗಿ ವರ್ಷಗಳೇ ಕಳೆದರೂ ಮಡಿಲು ತುಂಬಿರಲಿಲ್ಲ. ಪ್ರತಿ ಹಬ್ಬಕ್ಕೂ ಮುಡಿಯ ತುಂಬ ಎಸಳು ಬೀಳುತ್ತಿತ್ತು, ಪ್ರತಿ ವರ್ಷವೂ ಹಾಗೆಯೇ ಕಳೆಯುತ್ತಿತ್ತು. ಆಕೆಗೆ ಕಿಂಡಿಯ ಕಡೆಗೆ ಮುಖವೆತ್ತಲೂ ನಾಚಿಕೆಯಾಗತೊಡಗಿತ್ತು. ದೊಡ್ಡ ಬಾಗಿಲಿನ ಹತ್ತಿರ, ಎಲ್ಲರಿಗಿಂತ ಹಿಂದೆ, ಚೌರಪ್ಪ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಪಕ್ಕದಲ್ಲಿ ಸಹಾಯಮ್ಮ ಜಪಸರವನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು.

ಕಿಟಕಿಗಳನ್ನು ಮುಚ್ಚಿದರು. ದೊಡ್ಡ ಬಾಗಿಲಿಗೆ ಅಗುಳಿ ಬಿತ್ತು. ಸಣ್ಣ ಬಾಗಿಲಿಗೆ ಅಗುಳಿ ಹಾಕಿ ಇನ್ನಾಸಪ್ಪನವರ ತಮ್ಮ ಲಾಜರಪ್ಪನವರು ಕಾವಲು ನಿಂತರು. ಅವರ ಕಾಲ ಬುಡದಲ್ಲಿ ಮದಲೇನಮ್ಮನವರು ಎಂದಿನಂತೆ ಕುಳಿತಿದ್ದರು. ಹೊರಗಿನ ಗಾಳಿ ಬಾಗಿಲಿನ ಹಲಗೆಗಳನ್ನು ಅದುರಿಸುತ್ತಿತ್ತು. ಹಾಡು ಶುರುವಾಯಿತು.

ಇನ್ನಾಸಪ್ಪನವರು ಮೇಲಿನಿಂದ ಮೊದಲ ಬೊಗಸೆ ಸುರಿದರು. ಎಸಳುಗಳು ನೆಟ್ಟಗೆ ಇಳಿದು ಮುಂದಲ ಕೇರಿಯವರ ಮೇಲೆ ಬಿದ್ದವು. ಎರಡನೆಯ ಬೊಗಸೆಯೂ ಅಲ್ಲೇ. ಹಾಡು ಮುಂದುವರಿಯಿತು. ಕಲ್ಲುಕೇರಿಯವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಕಟಕಟೆಯ ಆಚೆಗೆ ನೆಲ ಕೆಂಪಾಯಿತು, ಈಚೆಗೆ ಒಂದು ಎಸಳೂ ಇಲ್ಲ. ಹಾಡು ಅರ್ಧ ಕಳೆಯುತ್ತಿದ್ದಂತೆ ಚೌರಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಹೆಂಡತಿಯ ಕಡೆ ತಿರುಗಿ, "ಕಂಡ್ಯಾ?" ಎಂದಷ್ಟೇ ಹೇಳಿದರು. ಕೂಸನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಒಂದೇ ಕೈಯಲ್ಲಿ ದೊಡ್ಡ ಬಾಗಿಲಿನ ಅಗುಳಿ ಎತ್ತಿ, ಬಾಗಿಲನ್ನು ಹಿಂದಕ್ಕೆ ಎಳೆದರು. ಗುಡಿಯೊಳಗೆ ಹಗಲಿನ ಬೆಳಕು ಚೆಲ್ಲಿತು. ಅವರ ಹಿಂದೆ ಕಲ್ಲುಕೇರಿಯವರು ಎದ್ದು ನಿಂತರು.

ಅದೇ ಗಳಿಗೆಯಲ್ಲಿ ಗುಡಿಯ ಇನ್ನೊಂದು ಕೊನೆಯಲ್ಲಿ ಮದಲೇನಮ್ಮನವರೂ ಎದ್ದರು. ಪೂಜೆಯ ನಡುವೆ ಅವರು ಎದ್ದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಸಣ್ಣ ಬಾಗಿಲಿನ ಅಗುಳಿಯ ಮೇಲೆ ಕೈಯಿಟ್ಟರು.

ಲಾಜರಪ್ಪನವರು ಗಾಬರಿಯಾಗಿ, "ಬ್ಯಾಡಿ ಅಮ್ಮಾ, ತಗೀಬ್ಯಾಡಿ! ಗಾಳಿ ನುಗ್ಗತದೆ, ಹೂವೆಲ್ಲ ಹಾರೋಯ್ತದೆ!" ಎಂದರು.

ಅಮ್ಮನವರು ಅವರನ್ನು ನೋಡಿದರು.

"ಗಾಳಿ ಬರ್ಲಿ ಅಂತ ತಾನೇನಪ್ಪಾ ಇವತ್ತು ಹಬ್ಬ?"

ತಲೆತಲಾಂತರದಿಂದ ಭಕ್ತಿಯೆಂದು ಹೇಳಿಕೊಂಡು ಬಂದದ್ದರ ಒಳಗಿನ ಸತ್ಯ ಗಾಬರಿಯಲ್ಲಿ ಲಾಜರಪ್ಪನವರ ಬಾಯಿಂದಲೇ ಹೊರಬಿದ್ದಿತ್ತು. ಬಾಗಿಲು ಹಾಕುತ್ತಿದ್ದುದು ಪ್ರೇಷಿತರ ನೆನಪಿಗಲ್ಲ, ಹೂವು ಕಟಕಟೆ ದಾಟದಿರಲೆಂದು. ಪವಿತ್ರಾತ್ಮರು ಗಾಳಿಯಾಗಿ ಬಂದ ದಿನದಂದೇ ನಾವು ಗಾಳಿಗೆ ಅಗುಳಿ ಹಾಕಿಕೊಂಡು ಕೂತಿದ್ದೆವು! ಬಿಳಿಗಲ್ಲುದೊಡ್ಡಿಯವರಿಗಲ್ಲದೆ ಇನ್ನಾರಿಗೆ ಹೊಳೆದೀತು ಇಂಥ ಬುದ್ಧಿ? ವಯಸ್ಸಾದ ಅಮ್ಮನವರ ಕೈಗೆ ಅಗುಳಿ ಭಾರವಾಗಿತ್ತು. ಅದನ್ನು ಎತ್ತಿ ಪಕ್ಕಕ್ಕೆಸೆದು ಬಾಗಿಲು ತೆರೆದದ್ದು ಲಾಜರಪ್ಪನವರ ಕೈಯೇ.

ಗಾಳಿ ಬಂತು. ಪಡುವಣದ ಸಣ್ಣ ಬಾಗಿಲಿನಿಂದ ನುಗ್ಗಿ, ಚೌರಪ್ಪ ತೆರೆದಿದ್ದ ಮೂಡಣದ ದೊಡ್ಡ ಬಾಗಿಲಿನತ್ತ ಭೋರೆಂದು ಹೊರಟಿತು. ಪೀಠದ ಮೇಲಿನ ಬತ್ತಿಗಳು ಆರಿದವು. ಇನ್ನಾಸಪ್ಪನವರು ಆಗತಾನೇ ಸುರಿದಿದ್ದ ಬೊಗಸೆ ನೆಲ ಮುಟ್ಟಲಿಲ್ಲ. ನಡುಗಾಳಿಯಲ್ಲೇ ಬಾಗಿ, ಸುಳಿದು, ನೆಲದ ಮೇಲೆ ಬಿದ್ದಿದ್ದವನ್ನೂ ಎಬ್ಬಿಸಿಕೊಂಡು, ಕಟಕಟೆಯ ಮೇಲಿಂದ ಹಾರಿ ಕಲ್ಲುಕೇರಿಯವರ ಮೇಲೆ ಸುರಿಯಿತು. ತಲೆಯ ಮೇಲೆ, ಹೆಗಲ ಮೇಲೆ, ಕಲ್ಲು ಒಡೆದು ಒಡೆದು ಜಡ್ಡುಗಟ್ಟಿದ ಕೈಗಳ ಮೇಲೆ, ಎಲ್ಲೆಲ್ಲೂ ಕೆಂಪು. ಮುದುಕಿಯರು ಸೆರಗೊಡ್ಡಿ ಹಿಡಿದರು. ಮಕ್ಕಳು ಕೈಯೆತ್ತಿ ಕುಣಿದರು. ಒಂದು ಕಾಲು ಹೊಸ್ತಿಲಾಚೆ ಇಟ್ಟಿದ್ದ ಚೌರಪ್ಪನ ಬೆನ್ನಿಗೆ ಎಸಳುಗಳು ಬಂದು ಬಡಿದವು. ಅವರು ತಿರುಗಿದರು. ಹೆಗಲ ಮೇಲಿದ್ದ ಕೂಸಿನ ತಲೆ, ಕೆನ್ನೆ, ಹೊದಿಕೆಯೆಲ್ಲ ಎಸಳು. ಒಂದನ್ನು ಅದು ಆ ಬಡಕಲು ಮುಷ್ಟಿಯಲ್ಲಿ ಹಿಡಿದೇಬಿಟ್ಟಿತ್ತು. ಸಹಾಯಮ್ಮ, "ಸ್ವಾಮೀ! ನಮ್ಮಪ್ಪಾ!" ಎಂದು ಕೂಗಿ ಮೊಣಕಾಲೂರಿದರು.

ಮುಂದಲ ಕೇರಿಯವರು ಹಾರಿಹೋಗುತ್ತಿದ್ದ ಹೂವನ್ನು ಹುಡುಕುತ್ತ ಹಿಂದಕ್ಕೆ ತಿರುಗಿದರು. ಗುಡಿ ಕಟ್ಟಿದಂದಿನಿಂದ ಅವರು ಕಲ್ಲುಕೇರಿಗೆ ಬೆನ್ನು ಹಾಕಿಯೇ ದೇವರನ್ನು ಪೂಜಿಸಿದ್ದರು. ಅಂದು ಮೊದಲ ಸಲ ಆ ಮುಖಗಳನ್ನು ನೋಡಿದರು. ಅಷ್ಟು ಸಂತೋಷ ತಮ್ಮ ಕಡೆ ಯಾವ ಹಬ್ಬದಲ್ಲೂ ಇರಲಿಲ್ಲ ಎಂದು ನಮ್ಮ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು.

ಅಟ್ಟದ ಮೇಲಿದ್ದ ಇನ್ನಾಸಪ್ಪನವರಿಗೆ ಮೊದಲು ಏನೂ ತಿಳಿಯಲಿಲ್ಲ. ಕಿಂಡಿಯಲ್ಲಿ ತಲೆಯಿಟ್ಟು, "ಬಾಗ್ಲು ಹಾಕ್ರೋ! ಯಾರ್ಲಾ ತೆಗ್ದೋನು?" ಎಂದು ಅಬ್ಬರಿಸಿದರು. ಕೆಳಗೆ ಒಬ್ಬರೂ ಕದಲಲಿಲ್ಲ. ಅವರ ಕಣ್ಣು ಹೂವಿನ ಜಾಡು ಹಿಡಿದು ದೊಡ್ಡ ಬಾಗಿಲವರೆಗೆ ಹೋಯಿತು. ಅಲ್ಲಿ ಚೌರಪ್ಪ ನಿಂತಿದ್ದರು. ಹೋದ ವರ್ಷ ತಾವು ಎದೆಗೆ ಕೈಯಿಟ್ಟು ತಳ್ಳಿದ ಮನುಷ್ಯ, ಹಾಗೆಯೇ ಒಂದು ಕೂಸನ್ನು ಎತ್ತಿಕೊಂಡು ನಿಂತಿದ್ದರು. ಬುಟ್ಟಿಯಲ್ಲಿ ಇನ್ನೂ ಅರ್ಧದಷ್ಟು ಎಸಳಿತ್ತು. ಇನ್ನಾಸಪ್ಪನವರು ಅದನ್ನು ಪಕ್ಕಕ್ಕಿಟ್ಟು ಕೆಳಗಿಳಿದಿದ್ದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ. ಅವರು ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಿಂಡಿಯಲ್ಲಿ ಬೋರಲು ಹಾಕಿ, ಕಡೆಯ ಎಸಳಿನವರೆಗೂ ಗಾಳಿಗೆ ಸುರಿದರು.

ಮೊದಲ ಸಲ ಹೂವು ಕಟಕಟೆ ದಾಟಿದ್ದು ಗಾಳಿಯಿಂದ. ಎರಡನೆಯ ಸಲ ದಾಟಿದ್ದು ಇನ್ನಾಸಪ್ಪನವರ ಮನಸ್ಸಿನಿಂದ. ಪವಿತ್ರಾತ್ಮರ ಕೆಲಸ ಇವೆರಡರಲ್ಲಿ ಯಾವುದು ಎಂದು ಕೇಳಿದರೆ ನಾನು ಎರಡನೆಯದನ್ನೇ ತೋರಿಸುತ್ತೇನೆ.

ಈಗ ಎಲ್ಲರ ಕಣ್ಣೂ ಚೌರಪ್ಪನ ಮೇಲೆ. ಅವರು ಕೇಳಿದ್ದು ಒಂದು ಎಸಳು. ಸಿಕ್ಕಿದ್ದು ಲೆಕ್ಕವಿಲ್ಲದಷ್ಟು. ಹೊಸ್ತಿಲಾಚೆಯ ಕಾಲನ್ನು ಒಳಗೆ ಎಳೆದುಕೊಂಡು ಅವರು ಮೆಲ್ಲನೆ ಮುಂದೆ ನಡೆದರು. ಜನ ದಾರಿ ಬಿಟ್ಟರು. ಕಟಕಟೆಯ ಬಳಿ ಬಂದು ನಿಂತರು. ಅದರ ಆಚೆಗೆ ಸೆರಫಿನಮ್ಮ ನಿಂತಿದ್ದರು. ವರ್ಷವರ್ಷವೂ ಮುಡಿತುಂಬ ಹೂ ಬೀಳುತ್ತಿದ್ದ ಆಕೆಯ ಮೇಲೆ ಅಂದು ಒಂದು ಎಸಳೂ ಉಳಿದಿರಲಿಲ್ಲ. ಚೌರಪ್ಪ ಅದನ್ನು ಗಮನಿಸಿದರು. ಒಂದು ಎಸಳಿಗಾಗಿ ಎದೆಯೊಡೆದುಕೊಂಡವರಿಗಲ್ಲದೆ ಬೇರೆಯವರಿಗೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲ. ಕೂಸಿನ ಕೆನ್ನೆಗಂಟಿದ್ದ ಎಸಳೊಂದನ್ನು ಬಿಡಿಸಿ ಕಟಕಟೆಯ ಮೇಲಿಂದ ಕೈ ಚಾಚಿದರು.

"ತಗಳ್ಳಿ ಅವ್ವಾ. ನಿಮ್ಗೂ ಬೇಕಲ್ಲ."

ಸೆರಫಿನಮ್ಮ ಎಸಳನ್ನು ನೋಡಲಿಲ್ಲ. ಆಕೆಯ ಎರಡೂ ಕೈ ತಾವಾಗಿಯೇ ಮುಂದೆ ಬಂದವು. "ಅಣ್ಣಾ, ಕೂಸಿನ ಒಂದ್ ಗಳಿಗೆ ಕೊಡಣ್ಣಾ," ಎಂದರು.

ಆ ಕಾಲದಲ್ಲಿ ಮುಂದಲ ಕೇರಿಯ ಹೆಂಗಸೊಬ್ಬಳು ಕಲ್ಲುಕೇರಿಯ ಕೂಸನ್ನು ಎತ್ತಿಕೊಂಡದ್ದಿಲ್ಲ. ಚೌರಪ್ಪ ಕೂಸನ್ನು ಕಟಕಟೆಯ ಮೇಲಿಂದ ದಾಟಿಸಿ ಕೊಟ್ಟರು. ಸೆರಫಿನಮ್ಮ ಅದನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಏಣಿಯಿಳಿದು ಬಂದ ಇನ್ನಾಸಪ್ಪನವರು ಕಂಡದ್ದು ಈ ದೃಶ್ಯವನ್ನು. ಯಜಮಾನರು ಏನು ಮಾಡುವರೋ ಎಂದು ಎಲ್ಲರೂ ಅವರತ್ತ ತಿರುಗಿದರು. ಅವರು ಸೊಸೆಯನ್ನು ನೋಡಿದರು, ಕೂಸನ್ನು ನೋಡಿದರು, 'ಹೋಗು' ಎಂದು ತಳ್ಳಿದ್ದ ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಚೌರಪ್ಪಾ, ಹೋದೊರ್ಷ ನಿನ್ನ ತಳ್ದೋನು ನಾನು. ನಿನ್ ಮಗನ ಮುಖ ನಂಗೆ ದಿನಾ ಕಾಣ್ತದೆ. ಯಾರ್ತಾವೂ ಹೇಳ್ಕಂಡಿಲ್ಲ. ತಪ್ಪಾಯ್ತು ಕಣಪ್ಪಾ."

ಚೌರಪ್ಪ ಕಟಕಟೆಯನ್ನು ಹಿಡಿದುಕೊಂಡು ತಲೆ ತಗ್ಗಿಸಿ ನಿಂತರು. ಆದರೆ ಅಲ್ಲಿಂದ ಹೋಗಲಿಲ್ಲ.

ಬೆನೆದಿಕ್ತ ಸ್ವಾಮಿಗಳು ಮತ್ತೆ ಬತ್ತಿ ಹಚ್ಚಿದರು, ಗಾಳಿ ಮತ್ತೆ ಆರಿಸಿತು, ಅವರು ನಕ್ಕುಬಿಟ್ಟರು. ಬತ್ತಿಗೆ ಬದಲಾಗಿ ಅಮ್ಮನವರ ಒಲೆಯಿಂದ ಒಂದು ಬಟ್ಟಲು ಕೆಂಡ ತರಿಸಿ ಪೀಠದ ಪಕ್ಕ ಇಟ್ಟುಕೊಂಡು ಪೂಜೆ ಮುಗಿಸಿದರು. ಬಾಗಿಲು ಮುಚ್ಚಿರೆಂದು ಯಾರೂ ಹೇಳಲಿಲ್ಲ. ಓಸ್ತಿ ಹಂಚುವ ಪರಮಪ್ರಸಾದದ ಹೊತ್ತಿಗೆ ಸ್ವಾಮಿಗಳು ಕಟಕಟೆಯ ನಡುವಿನ ಬಾಗಿಲನ್ನು ತಾವೇ ತೆರೆದಿದ್ದರಿಂದ ಮುಂದೆ ಯಾರು, ಹಿಂದೆ ಯಾರು ಎಂಬುದೆಲ್ಲ ಕಲಸಿಹೋಗಿತ್ತು. ಇದನ್ನೆಲ್ಲ ನನಗೆ ಹೇಳಿದವರು ಚೌರಪ್ಪನವರೇ. ಆಗ ಅವರು ಹಣ್ಣುಹಣ್ಣು ಮುದುಕರಾಗಿದ್ದರು. ಊರೂರು ಸುತ್ತಿ ಧರ್ಮೋಪದೇಶ ಮಾಡಿ, ಎಷ್ಟೋ ಜನರನ್ನು ಪ್ರಭುವಿನ ಬಳಿಗೆ ತಂದಿದ್ದರು. ಅಂದು ಪೂಜೆಯಾದ ಮೇಲೆ ಒಬ್ಬರು ಅಮ್ಮನವರ ಕಾಲಿಗೆ ಬಿದ್ದು, "ಎಂಥಾ ಪವಾಡ ಮಾಡಿದ್ರಿ ತಾಯೀ" ಎಂದಾಗ ಅಮ್ಮನವರು ಅವರನ್ನು ಎಬ್ಬಿಸಿ, "ನಾನೇನ್ ಮಾಡ್ದೆ? ಪವಿತ್ರಾತ್ಮರು ಹೊರಗೇ ನಿಂತಿದ್ರು," ಎಂದರಂತೆ.

ಪೂಜೆ ಮುಗಿದರೂ ಜನ ಚೆದುರಲಿಲ್ಲ, ಕೂಸಿನ ಜ್ಞಾನಸ್ನಾನಕ್ಕೆ ಕಾದರು. ಜ್ಞಾನಸ್ನಾನದ ವಿಧಿ ಆರಂಭವಾಗುವುದು ಗುಡಿಯ ಹೊಸ್ತಿಲಲ್ಲಿ. ಗುರುಗಳು ಒಳಗೆ ನಿಲ್ಲುತ್ತಾರೆ, ಮಗು ಹೊರಗಿರುತ್ತದೆ. ಗುರುಗಳು ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆಯೇ ಒಳಗೆ ಕರೆದುಕೊಳ್ಳಬೇಕು. ಸ್ವಾಮಿಗಳು ಕಟಕಟೆಯ ಬಾಗಿಲನ್ನು ದಾಟಿ ಗುಡಿಯ ನಡುವಿನಿಂದ ದೊಡ್ಡ ಬಾಗಿಲಿಗೆ ನಡೆದರು. ಅವರ ಹಿಂದೆ ಮುಂದಲ ಕೇರಿಯವರೂ ಅದೇ ದಾರಿಯಲ್ಲಿ ಹೊರಟರು. ಎರಡು ಕೇರಿಯ ಜನವೂ ಅಂಗಳ ತುಂಬಿ ನಿಂತರು. ಮದಲೇನಮ್ಮನವರು ಅವರ ನಡುವೆ ಎಲ್ಲೋ ಮಣ್ಣಿನ ಮೇಲೆ ಮೊಣಕಾಲೂರಿದ್ದರು. ಅನ್ನಮ್ಮ ಎಂದು ಹೆಸರಿಡಬೇಕೆಂದಿದ್ದ ಕೂಸು, ಜ್ಞಾನತಾಯಿಯಾಗಲು ಒಪ್ಪಿದ ಸೆರಫಿನಮ್ಮನ ತೋಳಲ್ಲಿತ್ತು. ಒಂದು ಪಕ್ಕ ಸಹಾಯಮ್ಮ, ಇನ್ನೊಂದು ಪಕ್ಕ ಚೌರಪ್ಪ.

ಸ್ವಾಮಿಗಳು ವಿಧಿಯಂತೆ ಲತೀನ್ ಭಾಷೆಯಲ್ಲಿ ಕೇಳಿ, ಆಮೇಲೆ ಎಲ್ಲರಿಗೂ ಅರ್ಥವಾಗಲೆಂದು ಕನ್ನಡದಲ್ಲಿ ಕೇಳಿದರು: "ಅನ್ನಮ್ಮಾ, ದೇವರ ಧರ್ಮಸಭೆಯಿಂದ ಏನನ್ನು ಬೇಡುತ್ತೀಯೆ?"

ಮಾತು ಬಾರದ ಕೂಸಿನ ಪರವಾಗಿ ಉತ್ತರ ಹೇಳಬೇಕಾದವರು ಜ್ಞಾನತಾಯಿ. ಸೆರಫಿನಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಬಂಡೆ ಸೀಳುವಂಥ ದನಿಯಲ್ಲಿ ಪಕ್ಕದಿಂದ ಉತ್ತರ ಬಂದುಬಿಟ್ಟಿತು.

"ವಿಶ್ವಾಸ!" ಎಂದರು ಚೌರಪ್ಪ.

ಕೂಸಿಗಾಗಿ ಕೇಳಿದರೋ ತಮಗಾಗಿಯೇ ಕೇಳಿದರೋ ಎಂದು ಸ್ವಾಮಿಗಳು ವಿಚಾರಿಸಲಿಲ್ಲ. ವಿಚಾರಿಸಲು ಸಮಯವೂ ಇರಲಿಲ್ಲ. ಅವರ ಹಿಂದೆ ಇನ್ನಾಸಪ್ಪನವರು "ವಿಶ್ವಾಸ" ಎಂದರು, ಲಾಜರಪ್ಪನವರು ಎಂದರು, ಕಲ್ಲುಕೇರಿ ಎಂದಿತು, ಮುಂದಲ ಕೇರಿ ಎಂದಿತು. ಎಂದೋ ಜ್ಞಾನಸ್ನಾನ ಪಡೆದು ಮುಗಿಸಿದ್ದೇವೆಂದು ತಿಳಿದಿದ್ದ ಜನ ಅಂದು ಗುಡಿಯ ಹೊರಗೆ ನಿಂತು, ಹೊಸದಾಗಿ ಬಂದವರಂತೆ, ಒಳಗೆ ಸೇರಿಸಿಕೊಳ್ಳಿರೆಂದು ಕೇಳಿದರು. ಬೆನೆದಿಕ್ತ ಸ್ವಾಮಿಗಳು ಎರಡೂ ಕೈ ಅಗಲಿಸಿ, "ಬನ್ನಿ, ಎಲ್ಲರೂ ಬನ್ನಿ!" ಎಂದು ಕೂಗಿದರು.